ಅರವತ್ಮೂರು ಜನರ ಶುಭೋದಯ ಮತ್ತು ತುಂಬಿಹೋದ ಫೋನು

ಪ್ರಶ್ನೆ: ತಂದೆಯ ಕಡೆಯ ಬಂಧುಗಳೆಲ್ಲ ಸೇರಿರುವ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 63 ಜನರಿದ್ದೇವೆ. ಬೆಳಗಿನ ಐದು ಗಂಟೆಗೆ ಶುರುವಾಗುವ ಶುಭೋದಯದ ಚಿತ್ರಗಳು ಒಂಬತ್ತಾದರೂ ನಿಲ್ಲುವುದಿಲ್ಲ. ಫೋನು ಪದೇ ಪದೇ ಜಾಗವಿಲ್ಲ ಎನ್ನುತ್ತಿದೆ. ಹೆಚ್ಚು ಮೆಮೊರಿಯಿರುವ ಹೊಸ ಫೋನನ್ನೇ ಕೊಳ್ಳಬೇಕೇ ಎಂಬ ಯೋಚನೆಯಲ್ಲಿದ್ದೇನೆ. ಉತ್ತರಿಸದೆ ಸುಮ್ಮನಿದ್ದರೆ, ನಿವೃತ್ತ ಹೆಡ್‌ಮಾಸ್ಟರ್ ಆಗಿರುವ ನಮ್ಮ ದೊಡ್ಡಪ್ಪ ಫೋನ್ ಮಾಡಿ, ‘ನೋಡಿದ್ದೀಯ, ಉತ್ತರ ಮಾತ್ರ ಇಲ್ಲ’ ಎನ್ನುತ್ತಾರೆ. ಗ್ರೂಪು ಬಿಟ್ಟರೆ ಮನಸ್ತಾಪ ಖಂಡಿತ. ಹಿರಿಯರು ಇದನ್ನೇಕೆ ಮಾಡುತ್ತಾರೆ? ನಾನೇನು ಮಾಡಲಿ?
– ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ತೊಂದರೆಗಳು ಹೆಣೆದುಕೊಂಡಿವೆ. ಒಂದು ಫೈಲುಗಳದು, ಇನ್ನೊಂದು ನಂಟಸ್ತನದ್ದು. ಮೊದಲನೆಯದನ್ನು ಸೆಟ್ಟಿಂಗ್ಸ್‌ನಲ್ಲಿ ಯಾರಿಗೂ ತಿಳಿಯದಂತೆ ಬಗೆಹರಿಸಿಕೊಳ್ಳಬಹುದು. ಎರಡನೆಯದನ್ನೂ ಸೆಟ್ಟಿಂಗ್ಸ್‌ನಲ್ಲೇ ಬಗೆಹರಿಸಲು ಹೊರಟವರು ಮುಂದಿನ ಮದುವೆ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. ಆದ್ದರಿಂದ ಇವೆರಡನ್ನು ಬಿಡಿಸಿ ನೋಡುವುದೇ ನನ್ನ ಸಲಹೆಯ ತಿರುಳು: ಚಿತ್ರವನ್ನು ಅಳಿಸಿ, ಕಳಿಸಿದವರನ್ನು ಉಳಿಸಿಕೊಳ್ಳಿ.

ಮೊದಲು ಫೋನಿನ ವಿಷಯ. ಈ ಸಂಕಟ ನಿಮ್ಮೊಬ್ಬರದೇ ಅಲ್ಲ. ಭಾರತದಲ್ಲಿ ಮೂವರು ಸ್ಮಾರ್ಟ್‌ಫೋನ್ ಬಳಕೆದಾರರಲ್ಲಿ ಒಬ್ಬರ ಫೋನು ದಿನವೂ ತುಂಬಿಹೋಗುತ್ತದೆ ಎಂಬ, ಮೆಮೊರಿ ಸಾಧನಗಳನ್ನು ತಯಾರಿಸುವ ವೆಸ್ಟರ್ನ್ ಡಿಜಿಟಲ್ ಕಂಪನಿಯ ಲೆಕ್ಕವನ್ನು 2018ರ ಜನವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಪ್ರಕಟಿಸಿತ್ತು. ಅಮೆರಿಕದಲ್ಲಿ ಈ ಪ್ರಮಾಣ ಹತ್ತರಲ್ಲಿ ಒಂದಿತ್ತು. ನಮ್ಮ ದೇಶದ ಫೋನುಗಳು ಏಕೆ ಹೀಗೆ ಏದುಸಿರು ಬಿಡುತ್ತಿವೆ ಎಂದು ಗೂಗಲ್‌ನವರು ಹುಡುಕಿದಾಗ ಸಿಕ್ಕ ಕಾರಣಗಳಲ್ಲಿ ಸೂರ್ಯೋದಯ, ಗುಲಾಬಿ, ಹಬೆಯಾಡುವ ಕಾಫಿ ಲೋಟ ಮತ್ತು ಕೈಮುಗಿದ ಮಗುವಿನ ಚಿತ್ರಗಳು ಮುಖ್ಯವಾಗಿದ್ದವು. 2017ರ ಡಿಸೆಂಬರ್‌ನಲ್ಲಿ ಅವರು ಹೊರತಂದ, ಈಗ ‘ಫೈಲ್ಸ್’ ಎಂಬ ಹೆಸರಿನಲ್ಲಿರುವ ಆ್ಯಪ್, ಇಂಥ ಕಸವನ್ನು ಗುರುತಿಸಿ ಗುಡಿಸುವ ಕೆಲಸವನ್ನೂ ಮಾಡುತ್ತದೆ. ಒಂದು ದೇಶದ ಹಿರಿಯರ ಬೆಳಗಿನ ಪರಿಪಾಠವು ಜಗತ್ತಿನ ದೊಡ್ಡ ಕಂಪನಿಯೊಂದರ ಎಂಜಿನಿಯರುಗಳನ್ನು ಕೆಲಸಕ್ಕೆ ಹಚ್ಚಿದ್ದು ನನಗಂತೂ ಹೆಮ್ಮೆಯ ಸಂಗತಿಯಾಗಿಯೇ ಕಾಣುತ್ತದೆ.

ಆದರೆ ಗುಲಾಬಿಯ ಮೇಲೆ ಪೂರ್ತಿ ತಪ್ಪು ಹೊರಿಸುವುದು ನ್ಯಾಯವಲ್ಲ. ವಾಟ್ಸ್‌ಆ್ಯಪ್ ತಾನು ಸಾಗಿಸುವ ಚಿತ್ರಗಳನ್ನು ಕುಗ್ಗಿಸಿಯೇ ಸಾಗಿಸುತ್ತದೆ. ಒಂದು ಚಿತ್ರ ಸುಮಾರು 150 ಕಿಲೋಬೈಟ್ ಎಂದು ಹಿಡಿದರೆ, ದಿನಕ್ಕೆ 40 ಚಿತ್ರಗಳಿಗೆ 6 ಮೆಗಾಬೈಟ್ ಆಗುತ್ತದೆ. ವರ್ಷಕ್ಕೆ 2 ಗಿಗಾಬೈಟ್‌ಗಿಂತ ತುಸು ಹೆಚ್ಚು. ಅದೇ ದಿನ ಮೂರೇ ಮೂರು ವಿಡಿಯೊಗಳು – ದೀಪ ತಾನಾಗಿ ಹೊತ್ತಿಕೊಂಡು, ಹಿನ್ನೆಲೆಯಲ್ಲಿ ಕೊಳಲು ನುಡಿದು, ಕೊನೆಗೆ ‘ನಿಮ್ಮ ದಿನ ಮಂಗಳಕರವಾಗಿರಲಿ’ ಎಂದು ಅಕ್ಷರಗಳು ಹಾರಿಬರುವಂಥವು – ತಲಾ 5 ಮೆಗಾಬೈಟ್‌ನಂತೆ ಬಂದರೂ ವರ್ಷಕ್ಕೆ 5 ಗಿಗಾಬೈಟ್ ದಾಟುತ್ತದೆ. ಸಂಖ್ಯೆಯಲ್ಲಿ ಕಾಟ ಕೊಡುವುದು ಚಿತ್ರ, ಜಾಗ ನುಂಗುವುದು ವಿಡಿಯೊ. ಆದ್ದರಿಂದ ಮೊದಲು ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ‘ಸ್ಟೋರೇಜ್ ಅಂಡ್ ಡೇಟಾ’ ಎಂಬಲ್ಲಿ, ಮೊಬೈಲ್ ಡೇಟಾ ಮತ್ತು ವೈಫೈ ಎರಡರಲ್ಲೂ ವಿಡಿಯೊ ಮತ್ತು ಚಿತ್ರಗಳು ತಾವಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಅನಂತರ ಬರುವ ಪ್ರತಿ ಚಿತ್ರವೂ ಮಸುಕಾಗಿ ಕಾಣುತ್ತದೆ. ಬೇಕೆನಿಸಿದರೆ ಮಾತ್ರ ಒತ್ತಿ ಇಳಿಸಿಕೊಳ್ಳಬಹುದು. ಕೆಂಪು ಮಬ್ಬಾದರೆ ಗುಲಾಬಿ, ಹಳದಿ ಮಬ್ಬಾದರೆ ಸೂರ್ಯ ಎಂದು ಊಹಿಸುವುದಕ್ಕೆ ನಿಮಗೆ ಹೆಚ್ಚು ದಿನ ಬೇಕಾಗುವುದಿಲ್ಲ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ‘ಮೀಡಿಯಾ ವಿಸಿಬಿಲಿಟಿ’ ಎಂಬುದನ್ನು ಆಫ್ ಮಾಡಿಬಿಟ್ಟರೆ ಆಮೇಲೆ ಬರುವ ಚಿತ್ರಗಳು ಗ್ಯಾಲರಿಯಲ್ಲಿ ಕಾಣುವುದಿಲ್ಲ, ಸಮಸ್ಯೆ ಮುಗಿಯಿತೆಂದು ಅವರು ನಿಟ್ಟುಸಿರು ಬಿಡುತ್ತಾರೆ. ಅದು ಚಿತ್ರಗಳನ್ನು ಕಣ್ಣಿಗೆ ಬೀಳದಂತೆ ಮಾಡುತ್ತದೆಯೇ ಹೊರತು ಫೋನಿನಿಂದ ತೆಗೆಯುವುದಿಲ್ಲ. ತೆಗೆಯಬೇಕೆಂದರೆ ಅದೇ ‘ಸ್ಟೋರೇಜ್ ಅಂಡ್ ಡೇಟಾ’ದೊಳಗಿನ ‘ಮ್ಯಾನೇಜ್ ಸ್ಟೋರೇಜ್’ ತೆರೆಯಬೇಕು. ಅಲ್ಲಿ 5 ಮೆಗಾಬೈಟ್‌ಗಿಂತ ದೊಡ್ಡ ಫೈಲುಗಳು ಒಂದು ಕಡೆ, ಹಲವು ಬಾರಿ ಫಾರ್ವರ್ಡ್ ಆದವು ಇನ್ನೊಂದು ಕಡೆ ವಿಂಗಡವಾಗಿರುತ್ತವೆ. ಹಲವು ಬಾರಿ ಫಾರ್ವರ್ಡ್ ಆದ ರಾಶಿಯಲ್ಲಿ ನಿಮ್ಮ ತಂಗಿಯ ಸೀಮಂತದ ಫೋಟೊ ಸೇರಿಕೊಂಡಿರುವ ಸಂಭವ ತೀರ ಕಡಿಮೆ, ಧೈರ್ಯವಾಗಿ ಅಳಿಸಿ. ವಾಟ್ಸ್‌ಆ್ಯಪ್ ಬ್ಯಾಕಪ್ ಈಗ ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ಖಾತೆಯ 15 ಗಿಗಾಬೈಟ್ ಉಚಿತ ಜಾಗದೊಳಗೇ ಲೆಕ್ಕವಾಗುವುದರಿಂದ, ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸುವ ಆಯ್ಕೆ ಆಫ್ ಆಗಿದೆಯೇ ಎಂದೂ ನೋಡಿಕೊಳ್ಳಿ. ಇಲ್ಲವಾದರೆ ಕೊಳಲಿನ ವಿಡಿಯೊಗಳು ಜಾಗವನ್ನೆಲ್ಲ ಆಕ್ರಮಿಸಿ, ಬ್ಯಾಂಕಿನಿಂದ ಬರಬೇಕಾದ ಇ-ಮೇಲ್ ಹೊರಗೇ ನಿಂತೀತು. ಹೊಸ ಫೋನು ಕೊಳ್ಳುವ ಯೋಚನೆಯನ್ನು ಇಷ್ಟೆಲ್ಲ ಮಾಡಿದ ಮೇಲೆ ನೋಡೋಣ. ಸೆಟ್ಟಿಂಗ್ಸ್ ಬದಲಿಸದೆ ದೊಡ್ಡ ಮೆಮೊರಿಯ ಫೋನು ಕೊಂಡರೆ, ತುಂಬುವುದು ಸ್ವಲ್ಪ ತಡವಾದೀತು, ಅಷ್ಟೇ.

ಇನ್ನು ಹಿರಿಯರು ಇದನ್ನೇಕೆ ಮಾಡುತ್ತಾರೆ ಎಂಬ ಪ್ರಶ್ನೆ. ಇದು ಇಂಟರ್ನೆಟ್ ತಂದ ಹೊಸ ರೋಗವೆಂಬ ಗೊಣಗಾಟವನ್ನು ನಾನು ಒಪ್ಪುವುದಿಲ್ಲ. ‘ಈ ಪತ್ರ ಕೈಸೇರಿದ ಕೂಡಲೇ ಇದೇ ಒಕ್ಕಣೆಯನ್ನು ಇಷ್ಟು ಜನರಿಗೆ ಬರೆದು ಕಳಿಸತಕ್ಕದ್ದು, ಕಳಿಸಿದವರಿಗೆ ಲಾಭ, ಹರಿದೆಸೆದವರಿಗೆ ಕೇಡು’ ಎಂಬ ಅಂಚೆ ಕಾರ್ಡುಗಳು ನಮ್ಮ ಮನೆಗಳಿಗೆ ಬರುತ್ತಿದ್ದ ಕಾಲವನ್ನು ಹಿರಿಯ ಓದುಗರು ಮರೆತಿರಲಾರರು. ಸಂಕ್ರಾಂತಿ ಹತ್ತಿರವಾದಂತೆ ಪುಸ್ತಕದಂಗಡಿಯ ಮುಂದೆ ಹಗ್ಗಕ್ಕೆ ನೇತುಬೀಳುತ್ತಿದ್ದ, ಕಬ್ಬಿನ ಜಲ್ಲೆಯೋ ಹಸುವೋ ಇರುವ ಪುಟ್ಟ ಕಾರ್ಡುಗಳನ್ನು ಮಕ್ಕಳು ಕೊಂಡು, ಒಂದೇ ಬೆಂಚಿನಲ್ಲಿ ಪಕ್ಕ ಕೂರುವ ಗೆಳೆಯನಿಗೂ ವಿಳಾಸ ಬರೆದು ಕೊಡುತ್ತಿದ್ದರು. ಅನಂತರ ಎಸ್ಸೆಮ್ಮೆಸ್ ಬಂತು. ಇಂಗ್ಲಿಷಿನಲ್ಲಿ 160 ಅಕ್ಷರಗಳ ಮಿತಿ, ಕನ್ನಡ ಲಿಪಿಯಲ್ಲಿ ಬರೆದರೆ 70ಕ್ಕೇ ಮಿತಿ. ದೀಪಾವಳಿ ಮತ್ತು ಹೊಸ ವರ್ಷದ ದಿನಗಳಲ್ಲಿ ಉಚಿತ ಎಸ್ಸೆಮ್ಮೆಸ್ ಪ್ಯಾಕುಗಳು ನಡೆಯುತ್ತಿರಲಿಲ್ಲವಾದ್ದರಿಂದ, ಹಬ್ಬದ ಶುಭಾಶಯವನ್ನು ಹಿಂದಿನ ದಿನವೇ ಕಳಿಸಿ ಕೈತೊಳೆದುಕೊಳ್ಳುವ ಜಾಣತನವನ್ನೂ ನಮ್ಮವರು ಕಲಿತಿದ್ದರು. ಒಟ್ಟಿನಲ್ಲಿ ಕಳಿಸುವ ಆಸೆ ಹಳೆಯದು. ಅದಕ್ಕೆ ಅಂಚೆ ವೆಚ್ಚ, ಅಕ್ಷರದ ಮಿತಿ, ಹಬ್ಬದ ದರ ಎಂಬ ಅಡ್ಡಗೋಡೆಗಳಿದ್ದವು. 2009ರಲ್ಲಿ ಹುಟ್ಟಿದ ವಾಟ್ಸ್‌ಆ್ಯಪ್ ಮೊದಲೆರಡನ್ನು ಕೆಡವಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾದ ಮೇಲೆ ಡೇಟಾ ದರ ನೆಲಕ್ಕಿಳಿದು, ಉಳಿದ ಗೋಡೆಯೂ ಬಿತ್ತು. ಆಮೇಲೆ ಹಬ್ಬಕ್ಕಾಗಿ ಕಾಯುವ ಅಗತ್ಯವೇ ಉಳಿಯಲಿಲ್ಲ. ಸೋಮವಾರವೂ ಶುಭಾಶಯಕ್ಕೆ ಅರ್ಹವಾಯಿತು.

ಚಿತ್ರವೇ ಏಕೆ, ಎರಡು ಪದ ಬರೆದರಾಗದೇ ಎಂದು ನಿಮಗನಿಸಬಹುದು. ಅದಕ್ಕೆ ನಮ್ಮ ಭಾಷೆಯ ಮಟ್ಟಿಗೆ ವಿಶೇಷವಾದ ಕಾರಣವಿದೆ. ಸ್ಮಾರ್ಟ್‌ಫೋನಿನ ಮೊದಲ ವರ್ಷಗಳಲ್ಲಿ ಎಷ್ಟೋ ಫೋನುಗಳಿಗೆ ಕನ್ನಡ ಲಿಪಿ ತೋರಿಸಲು ಬರುತ್ತಿರಲಿಲ್ಲ. ಅಕ್ಷರಗಳ ಜಾಗದಲ್ಲಿ ಖಾಲಿ ಡಬ್ಬಿಗಳ ಸಾಲು ಕಾಣುತ್ತಿತ್ತು, ಇಲ್ಲವೇ ಒತ್ತಕ್ಷರಗಳು ಕಳಚಿ ಅಕ್ಕಪಕ್ಕ ಬಿದ್ದಿರುತ್ತಿದ್ದವು. ಚಿತ್ರದೊಳಗೆ ಕೂರಿಸಿದ ಕನ್ನಡ ಮಾತ್ರ ಯಾವ ಫೋನಿಗೆ ಹೋದರೂ ಕೆಡದೆ ತಲುಪುತ್ತಿತ್ತು. ಆ ತೊಂದರೆ ಈಗಿಲ್ಲ. ಆದರೆ ಕೀಲಿಮಣೆಯಲ್ಲಿ ‘ಶು’ ಹುಡುಕಿ, ‘ಭೋ’ ಹುಡುಕಿ, ಮಹಾಪ್ರಾಣ ತಪ್ಪಿ ‘ಶುಬೋದಯ’ವಾಗಿ, ಅದನ್ನು ಅಳಿಸಿ ಮತ್ತೆ ಬರೆಯುವ ಎಪ್ಪತ್ತರ ಕಣ್ಣು ಮತ್ತು ಬೆರಳಿಗೆ, ಸಿದ್ಧ ಚಿತ್ರವನ್ನು ಒತ್ತಿ ಹಿಡಿದು ಕಳಿಸುವುದು ಇಂದಿಗೂ ದೊಡ್ಡ ಅನುಕೂಲ.

ಹಾಗೆ ಕಳಿಸಿದ್ದರಲ್ಲಿ ಸುದ್ದಿಯೇನೂ ಇರುವುದಿಲ್ಲ ಎಂಬುದು ನಿಮ್ಮ ಆಕ್ಷೇಪವಿರಬಹುದು. ನಿಜ, ಇರುವುದಿಲ್ಲ. ಸುದ್ದಿ ಮುಟ್ಟಿಸುವುದಕ್ಕಲ್ಲದೆ, ಬರಿಯ ಸಂಪರ್ಕ ಉಳಿಸಿಕೊಳ್ಳುವುದಕ್ಕಾಗಿ ಆಡುವ ಮಾತೆಂಬ ಒಂದು ಬಗೆಯೇ ಇದೆಯೆಂದು, ಟ್ರೋಬ್ರಿಯಾಂಡ್ ದ್ವೀಪಗಳ ಜನರ ನಡುವೆ ಬದುಕಿ ಅಧ್ಯಯನ ಮಾಡಿದ್ದ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್ಸ್ಕಿ 1923ರಲ್ಲೇ ಬರೆದಿದ್ದಾನೆ. ನಮಗೆ ಅದನ್ನು ತಿಳಿಯಲು ಅಷ್ಟು ದೂರ ಹೋಗಬೇಕಿಲ್ಲ. ಬೆಳಗ್ಗೆ ಹಾಲು ತರಲು ಹೊರಟವರು ಬೇಲಿಯಾಚೆಯವರನ್ನು ಕಂಡು ‘ಕಾಫಿ ಆಯ್ತಾ?’ ಎನ್ನುತ್ತಾರೆ, ಆಗಿಲ್ಲವೆಂದರೆ ಮಾಡಿಕೊಡುವ ಉದ್ದೇಶ ಅವರಿಗಿರುವುದಿಲ್ಲ, ಉತ್ತರ ಕೇಳಿಸುವಷ್ಟರಲ್ಲಿ ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾರೆ. ಅಷ್ಟಾದರೂ ಒಂದು ದಿನ ಅದನ್ನು ಕೇಳದೆ ದಾಟಿಹೋದರೆ ಬೇಲಿಯಾಚೆಯವರು ಮಧ್ಯಾಹ್ನದವರೆಗೂ ಅದನ್ನೇ ಯೋಚಿಸುತ್ತಾರೆ. ನಿಮ್ಮ ಗ್ರೂಪಿನ ಗುಲಾಬಿಯೂ ಇದೇ ಜಾತಿಯದು. ಅದರ ಅರ್ಥ ಇಷ್ಟೇ: ನಾನು ಎದ್ದಿದ್ದೇನೆ, ಆರೋಗ್ಯವಾಗಿದ್ದೇನೆ, ನಿಮ್ಮ ನೆನಪಿದೆ.

ಮಕ್ಕಳು ಬೆಂಗಳೂರಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇದ್ದು, ಊರಿನ ಮನೆಯಲ್ಲಿ ಇಬ್ಬರೇ, ಅಥವಾ ಒಬ್ಬರೇ, ಉಳಿದಿರುವ ಹಿರಿಯರ ವಿಷಯದಲ್ಲಿ ಈ ಅರ್ಥಕ್ಕೆ ತೂಕ ಹೆಚ್ಚು. ದಿನವೂ ಐದಕ್ಕೆ ಬರುವ ಅತ್ತೆಯ ಲಕ್ಷ್ಮೀದೇವಿ ಒಂದು ದಿನ ಏಳಾದರೂ ಬರಲಿಲ್ಲವೆಂದರೆ ಯಾರಾದರೊಬ್ಬರು ಫೋನ್ ಮಾಡಿ ವಿಚಾರಿಸುತ್ತಾರೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೇಸಿಗೆಯ ದಿನಗಳಲ್ಲಿ ನಮ್ಮ ಬೆಳಗಿನ ಐದು ಎಂದರೆ ಹಿಂದಿನ ದಿನದ ಸಂಜೆ ನಾಲ್ಕೂವರೆ. ಆಫೀಸಿನ ಮೀಟಿಂಗಿನ ನಡುವೆ ಫೋನು ನಡುಗಿ ‘ಶುಭೋದಯ’ ಎಂದಾಗ ಮಗನಿಗೆ ನಗು ಬಂದರೂ, ಅಮ್ಮ ಎದ್ದು ಹಾಲು ಕಾಯಿಸಿದ್ದಾಳೆಂಬ ಸಮಾಚಾರ ಅದರಲ್ಲಿ ಅಡಗಿರುವುದನ್ನು ಅವನು ಬಲ್ಲ. ಇದನ್ನು ವೈದ್ಯಕೀಯ ಸಾಧನವೆಂದು ಮಾರಲು ಹೊರಟರೆ ತಿಂಗಳ ಬಾಡಿಗೆ ಎಷ್ಟಾದೀತೋ.

ಈಗ ನಿಮ್ಮ ದೊಡ್ಡಪ್ಪನವರ ವಿಷಯ. ಅವರ ಮಾತು ನನ್ನಲ್ಲಿ ಗೌರವ ಹುಟ್ಟಿಸಿತು. ಏಕೆಂದರೆ ಗ್ರೂಪಿನಲ್ಲಿ ಎಲ್ಲ ಸದಸ್ಯರೂ ಓದಿದ ಮೇಲಷ್ಟೇ ಸಂದೇಶದ ಗುರುತುಗಳು ನೀಲಿಯಾಗುತ್ತವೆ. 63 ಜನರಲ್ಲಿ ಒಬ್ಬ ಫೋನು ತೆರೆಯದಿದ್ದರೂ ಅವು ಬೂದು ಬಣ್ಣದಲ್ಲೇ ಉಳಿಯುತ್ತವೆ. ಅಂದಮೇಲೆ ನೀವು ನೋಡಿದ್ದು ಅವರಿಗೆ ಗೊತ್ತಾಗಬೇಕಾದರೆ, ಅವರು ತಮ್ಮ ಸಂದೇಶವನ್ನು ಒತ್ತಿ ಹಿಡಿದು, ‘ಇನ್ಫೊ’ ಎಂಬುದನ್ನು ತೆರೆದು, ಓದಿದವರ ಪಟ್ಟಿಯಲ್ಲಿ ಬೆರಳಾಡಿಸುತ್ತ ನಿಮ್ಮ ಹೆಸರನ್ನು ಹುಡುಕಿದ್ದಾರೆ. ಹಾಜರಿ ಪುಸ್ತಕದೊಡನೆ ದಶಕಗಳ ಕಾಲ ಬಾಳಿದವರು ಮಾತ್ರ ಮಾಡಬಲ್ಲ ಕೆಲಸವಿದು. ಓದಿದ ಗುರುತನ್ನು ಆಫ್ ಮಾಡಿಟ್ಟು ಇದರಿಂದ ತಪ್ಪಿಸಿಕೊಳ್ಳುತ್ತೇನೆಂದರೆ ಅದೂ ಆಗದು. ಆ ಸೌಲಭ್ಯ ಒಬ್ಬೊಬ್ಬರ ನಡುವಣ ಮಾತುಕತೆಗೆ ಅನ್ವಯಿಸುತ್ತದೆ, ಗ್ರೂಪಿಗಲ್ಲ. ಗ್ರೂಪನ್ನು ಶಾಶ್ವತವಾಗಿ ಮ್ಯೂಟ್ ಮಾಡಿ ಆರ್ಕೈವ್‌ಗೆ ಸರಿಸಿಟ್ಟರೆ, ಹೊಸ ಸಂದೇಶ ಬಂದರೂ ಅದು ಮೇಲೆ ಬರುವುದಿಲ್ಲ, ನೀವು ತೆರೆಯುವವರೆಗೆ ಪಟ್ಟಿಯಲ್ಲಿ ನಿಮ್ಮ ಹೆಸರೂ ಸೇರುವುದಿಲ್ಲ. ದಿನಕ್ಕೊಮ್ಮೆ, ನಿಮಗೆ ಬಿಡುವಾದಾಗ, ತೆರೆದು ನೋಡುವುದು ಸಾಕು.

ಉತ್ತರಿಸುವ ಬಗೆಯಲ್ಲೂ ವಿವೇಚನೆ ಬೇಕು. ಒಬ್ಬರ ಗುಲಾಬಿಗೆ ನಲವತ್ತು ಜನ ಪ್ರತಿ-ಗುಲಾಬಿ ಕಳಿಸುವುದರಿಂದಲೇ ಗ್ರೂಪು ತುಂಬುತ್ತಿರುವುದು. 2022ರಲ್ಲಿ ಬಂದ ರಿಯಾಕ್ಷನ್ ಸೌಲಭ್ಯ ಇದಕ್ಕೆ ಹೇಳಿ ಮಾಡಿಸಿದ್ದು: ಸಂದೇಶವನ್ನು ಒತ್ತಿ ಹಿಡಿದು ಕೈಮುಗಿದ ಚಿಹ್ನೆಯನ್ನು ಆರಿಸಿದರೆ, ಅದರ ಸೂಚನೆ ಕಳಿಸಿದವರಿಗೊಬ್ಬರಿಗೇ ಹೋಗುತ್ತದೆ, ಉಳಿದವರ ಫೋನು ಸದ್ದು ಮಾಡುವುದಿಲ್ಲ. ಹಾಜರಿ ಬಿತ್ತು, ಗದ್ದಲವಿಲ್ಲ. ಆದರೆ ಕೆಲವು ಹಿರಿಯರು ಇದನ್ನು ಉತ್ತರವೆಂದು ಒಪ್ಪುವುದಿಲ್ಲ. ಅಂಥವರಿಗೆ ವಾರಕ್ಕೊಮ್ಮೆ, ಗ್ರೂಪಿನಲ್ಲಲ್ಲ, ಅವರಿಗೆ ಮಾತ್ರ, ನಿಮ್ಮ ಕೈಯಾರೆ ಒಂದು ಸಾಲು ಬರೆಯಿರಿ: ‘ದೊಡ್ಡಪ್ಪ, ಮಂಡಿ ನೋವು ಹೇಗಿದೆ? ಈ ಸಲ ಅಡಿಕೆ ಕೊಯ್ಲು ಮುಗಿಯಿತಾ?’ ಹೀಗೆ ಬರೆದವರ ಹೆಸರನ್ನು ಯಾವ ದೊಡ್ಡಪ್ಪನೂ ಓದಿದವರ ಪಟ್ಟಿಯಲ್ಲಿ ಹುಡುಕುತ್ತ ಕೂರುವುದಿಲ್ಲ.

ಗ್ರೂಪು ಬಿಡುವ ಆಲೋಚನೆಯನ್ನು ನಾನು ಬೆಂಬಲಿಸುವುದಿಲ್ಲ. 2022ರ ಆಗಸ್ಟ್‌ನಲ್ಲಿ ವಾಟ್ಸ್‌ಆ್ಯಪ್ ಸದ್ದಿಲ್ಲದೆ ಹೊರಹೋಗುವ ಸೌಲಭ್ಯವನ್ನು ಪ್ರಕಟಿಸಿತು. ಹೊರಹೋದದ್ದು ಅಡ್ಮಿನ್‌ಗಳಿಗೆ ಮಾತ್ರ ತಿಳಿಯುತ್ತದೆ ಎಂಬುದು ಅದರ ಭರವಸೆ. ಕಚೇರಿಯ ಗ್ರೂಪಿಗೆ ಅದು ಸರಿ. ಕುಟುಂಬದ ಗ್ರೂಪಿನಲ್ಲಿ ಅಡ್ಮಿನ್ ಎಂದರೆ ಸಾಮಾನ್ಯವಾಗಿ ಎಲ್ಲರಿಗೂ ದಿನವೂ ಫೋನ್ ಮಾಡುವ ಚಿಕ್ಕಮ್ಮನೇ ಆಗಿರುತ್ತಾರೆ. ಅಲ್ಲದೆ, ಬಿಟ್ಟುಹೋದವರ ಹೆಸರು 60 ದಿನಗಳವರೆಗೆ ಗ್ರೂಪಿನ ಮಾಹಿತಿಯಲ್ಲಿ ಎಲ್ಲರಿಗೂ ಕಾಣುವಂತಿರುತ್ತದೆ. ಇನ್ಫೊ ತೆರೆಯುವ ಅಭ್ಯಾಸವಿರುವವರ ಮನೆತನದಲ್ಲಿ ಅದು ಗುಟ್ಟಾಗಿ ಉಳಿಯುವ ಮಾತೇ ಇಲ್ಲ. ‘ಇಂದಿನಿಂದ ಶುಭೋದಯ ನಿಷೇಧ, ಅಡ್ಮಿನ್ ಮಾತ್ರ ಸಂದೇಶ ಹಾಕತಕ್ಕದ್ದು’ ಎಂದು ಕಾನೂನು ತಂದವರೂ ಇದ್ದಾರೆ. ಅಂಥ ಕಡೆ ಸಾಮಾನ್ಯವಾಗಿ ಆಗುವುದೇನೆಂದರೆ, ಹಿರಿಯರು ಬೇರೊಂದು ಗ್ರೂಪು ತೆರೆದು ಅದಕ್ಕೂ ನಿಮ್ಮನ್ನೇ ಸೇರಿಸುತ್ತಾರೆ. ಏಳು ದಿನಗಳಲ್ಲಿ ಸಂದೇಶಗಳು ತಾವಾಗಿ ಮಾಯವಾಗುವಂತೆ ಇಡುವ ಉಪಾಯ ಇದಕ್ಕಿಂತ ವಾಸಿ, ಆದರೆ ಗುಲಾಬಿಯ ಜೊತೆಗೆ ಗೃಹಪ್ರವೇಶದ ಆಮಂತ್ರಣವೂ, ಬಂದವರು ಹಾಕಿದ ಮನೆಯ ಲೊಕೇಶನ್ನೂ ಮಾಯವಾಗುತ್ತವೆ ಎಂಬುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.

ಇಷ್ಟು ಹೊತ್ತು ನಾನು ಹಿರಿಯರ ಪರ ವಕಾಲತ್ತು ವಹಿಸಿದ್ದೇನೆ. ಒಂದು ವಿಷಯದಲ್ಲಿ ಮಾತ್ರ ಅವರನ್ನು ಸಮರ್ಥಿಸಲಾರೆ. ಗುಲಾಬಿಯನ್ನು ಕಳಿಸುವ ಅದೇ ಬೆರಳು, ಅದೇ ಸಲೀಸಿನಲ್ಲಿ ಗಾಳಿಸುದ್ದಿಯನ್ನೂ ಕಳಿಸುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ದೇಶದ ಹಲವೆಡೆ ಆ ವರ್ಷ ಇಂಥ ಕೊಲೆಗಳಾದ ಮೇಲೆ, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಭಾರತದಲ್ಲಿ ಮೊದಲು ಬಂತು. 2019ರಲ್ಲಿ ಅದು ಜಗತ್ತಿಗೆಲ್ಲ ಅನ್ವಯವಾಯಿತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಬಂದು ಜೋಡಿ ಬಾಣದ ಗುರುತು ಪಡೆದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು. ನಮ್ಮವರು ಇದಕ್ಕೂ ಕಿಂಡಿ ಹುಡುಕಿದ್ದಾರೆ: ಚಿತ್ರವನ್ನು ಗ್ಯಾಲರಿಗೆ ಉಳಿಸಿಕೊಂಡು ಅಲ್ಲಿಂದ ಹೊಸದಾಗಿ ಕಳಿಸಿದರೆ ಬಾಣವೇ ಇರುವುದಿಲ್ಲ. ಹಾಗೆ ಪ್ರತಿ ಬಾರಿ ಹೊಸದಾಗಿ ಕಳಿಸಿದಾಗಲೂ ಚಿತ್ರ ಮತ್ತೊಮ್ಮೆ ಕುಗ್ಗುತ್ತದೆ. ದೇವರ ಮುಖ ಮಸುಕಾಗಿ, ಅಂಚಿನಲ್ಲಿ ಯಾರದೋ ಸ್ಕ್ರೀನ್‌ಶಾಟಿನ ಬ್ಯಾಟರಿ ಗುರುತು ಉಳಿದಿರುವ ಚಿತ್ರಗಳನ್ನು ನೀವು ನೋಡಿರುತ್ತೀರಿ; ಅವು ಹಲವು ಗ್ಯಾಲರಿಗಳನ್ನು ಹೊಕ್ಕು ಹೊರಬಂದವು. ಬಾಣವಿಲ್ಲವೆಂದ ಮಾತ್ರಕ್ಕೆ ಕಳಿಸಿದವರೇ ಅದನ್ನು ಬರೆದರೆಂದು ತಿಳಿಯಬೇಕಾಗಿಲ್ಲ.

ಗಾಳಿಸುದ್ದಿ ಬಂದಾಗ ಗ್ರೂಪಿನಲ್ಲೇ ಹಿರಿಯರನ್ನು ತಿದ್ದಲು ಹೋಗಬೇಡಿ. ಅರವತ್ತೆರಡು ಜನರೆದುರು ತಪ್ಪೆನಿಸಿಕೊಂಡವರು ಅದನ್ನೇ ಸರಿಯೆಂದು ಸಾಧಿಸಲು ಇನ್ನೂ ನಾಲ್ಕು ವಿಡಿಯೊ ಹಾಕುತ್ತಾರೆ. ಪ್ರತ್ಯೇಕವಾಗಿ ಫೋನ್ ಮಾಡಿ ಹೇಳಿ. ಡಿಲೀಟ್ ಮಾಡುವ ಗೌರವವನ್ನು ಅವರಿಗೇ ಬಿಡಿ. ತಿದ್ದುವ ಅಧಿಕಾರವನ್ನೇ ಅವರ ಕೈಗೆ ಕೊಡುವುದು ಇನ್ನೂ ಒಳ್ಳೆಯದು, ಅದಕ್ಕೆ ನಿಮ್ಮ ದೊಡ್ಡಪ್ಪನವರಿಗಿಂತ ಯೋಗ್ಯರು ಸಿಗಲಾರರು. ಬೆಳಗಿನ ಚಿತ್ರಗಳಲ್ಲಿ ಕುವೆಂಪು, ಡಿವಿಜಿ, ಅಬ್ದುಲ್ ಕಲಾಂ ಅವರ ಹೆಸರಿನ ಕೆಳಗೆ ಅವರು ಎಲ್ಲೂ ಆಡದ ಮಾತುಗಳು ಧಾರಾಳವಾಗಿ ಬರುತ್ತವೆ. ವಚನಗಳ ವಿಷಯದಲ್ಲಂತೂ ಪರೀಕ್ಷೆ ಸುಲಭ: ಚಿತ್ರದಲ್ಲಿ ಬಸವಣ್ಣನವರಿದ್ದು ಕೊನೆಯ ಸಾಲಿನಲ್ಲಿ ಗುಹೇಶ್ವರನಿದ್ದರೆ ಅದು ಅಲ್ಲಮಪ್ರಭುವಿನ ಅಂಕಿತ, ಚೆನ್ನಮಲ್ಲಿಕಾರ್ಜುನನಿದ್ದರೆ ಅಕ್ಕನದು, ಅಂಕಿತವೇ ಇಲ್ಲದೆ ‘ಯಶಸ್ಸು’, ‘ಗುರಿ’ ಎಂಬ ಮಾತುಗಳಿದ್ದರೆ ಅದು ಹನ್ನೆರಡನೆಯ ಶತಮಾನದ್ದಲ್ಲ. ಮುಂದಿನ ಸಲ ಅಂಥದೊಂದು ಬಂದಾಗ, ‘ದೊಡ್ಡಪ್ಪ, ಇದು ನಿಜವಾಗಿ ಯಾರ ವಚನ, ಸ್ವಲ್ಪ ನೋಡಿ ಹೇಳುತ್ತೀರಾ?’ ಎಂದು ಗ್ರೂಪಿನಲ್ಲಿ ಕೇಳಿ. ಕಪಾಟಿನಿಂದ ವಚನ ಸಂಪುಟ ಇಳಿಸಿ, ಕನ್ನಡಕ ಹುಡುಕಿ, ಪುಟ ಸಂಖ್ಯೆ ಸಮೇತ ಅವರು ಉತ್ತರ ಬರೆದು ಮುಗಿಸುವಷ್ಟರಲ್ಲಿ ಹತ್ತು ಗಂಟೆ ದಾಟಿರುತ್ತದೆ. ಅಂದು ಓದಿದವರ ಪಟ್ಟಿ ನೋಡಲು ಅವರಿಗೆ ಪುರುಸೊತ್ತು ಸಿಗುವುದು ಅನುಮಾನ.